ಮೀಟರ್ ಮೇಡಂ

ಪೀಣ್ಯ ಎರಡನೇ ಹಂತದಲ್ಲಿ, ಒಂದು ಎಲೆಕ್ಟ್ರೋಪ್ಲೇಟಿಂಗ್ ಶೆಡ್ಡಿಗೂ ಒಂದು ರಟ್ಟಿನ ಪೆಟ್ಟಿಗೆ ಕಾರ್ಖಾನೆಗೂ ನಡುವೆ ಇದ್ದ ನಮ್ಮ ವರ್ಕ್‌ಶಾಪಿಗೆ ಯಾರು ಹೊಸದಾಗಿ ಸೇರಿದರೂ ಮೊದಲ ವಾರ ಮೇಡಂ ಅವರನ್ನು ನೋಡಿ ನಗುತ್ತಿದ್ದರು. ಐವತ್ತರ ಹತ್ತಿರದ ಹೆಂಗಸು, ಕಾಟನ್ ಸೀರೆಯ ಮೇಲೆ ನೀಲಿ ಕೋಟು, ಹೆಗಲಿಗೆ ನೇತುಹಾಕಿಕೊಂಡ ಒಂದು ಮೀಟರು. ಉದ್ದನೆಯ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ಸುಮ್ಮನೆ ನಡೆಯುತ್ತಿದ್ದರು. ಮೀಟರು ಸೊಂಟಕ್ಕೆ ಬಡಿಯುತ್ತಿದ್ದರೂ ಹಿಡಿದುಕೊಳ್ಳುತ್ತಿರಲಿಲ್ಲ. ನಡುವೆ ಬಗ್ಗಿ ಚಪ್ಪಲಿ ಸರಿಮಾಡಿಕೊಂಡಂತೆ ಮಾಡುತ್ತಿದ್ದರು. ಒಮ್ಮೊಮ್ಮೆ ಬೇಕೆಂದೇ ಗೋಡೆಗೆ ತಗುಲಿಸುತ್ತಿದ್ದರು. ಇಷ್ಟೆಲ್ಲ ಮಾಡುವಾಗಲೂ ಕಣ್ಣು ಮಾತ್ರ ಮುಳ್ಳಿನ ಮೇಲೆ.

ಮೀಟರಿನ ಮೂತಿಗೆ ಅಂಗಿಯ ಗುಂಡಿಯಷ್ಟು ದೊಡ್ಡದಾದ, ಅಪಾಯವಿಲ್ಲದ ಒಂದು ಬಿಲ್ಲೆಯನ್ನು ಟೇಪಿನಲ್ಲಿ ಅಂಟಿಸಿರುತ್ತಿದ್ದರು. ಅದರಿಂದ ಹೊರಡುವ ಅಲ್ಪ ವಿಕಿರಣಕ್ಕೆ ಮುಳ್ಳು ಒಂದು ಜಾಗದಲ್ಲಿ ನಿಂತಿರಬೇಕು. ನಡೆದಾಡುವಾಗ ಮುಳ್ಳು ಬಿದ್ದರೆ ಆ ಮೀಟರು ಮತ್ತೆ ಅವರ ಮೇಜಿಗೇ.

"ಬೆಂಚಿನ ಮೇಲೆ ಎಲ್ಲಾ ಮೀಟರೂ ಒಳ್ಳೇವೇ ಕಣ್ರೀ. ಸೈಟಲ್ಲಿ ಯಾರು ಬೆಂಚು ಹೊತ್ಕೊಂಡು ಓಡಾಡ್ತಾರೆ?" ಎನ್ನುತ್ತಿದ್ದರು.

ನಮ್ಮದು ರೇಡಿಯೇಷನ್ ಸರ್ವೇ ಮೀಟರುಗಳನ್ನು ರಿಪೇರಿ ಮಾಡಿ, ಸರಿಯಾಗಿ ಅಳೆಯುತ್ತಿವೆಯೇ ಎಂದು ಪರೀಕ್ಷಿಸಿ, ಸರ್ಟಿಫಿಕೇಟ್ ಕೊಡುವ ಕೆಲಸ. ಬಾಯ್ಲರು, ಟ್ಯಾಂಕು, ದೊಡ್ಡ ಪೈಪುಗಳ ವೆಲ್ಡಿಂಗಿನೊಳಗೆ ಬಿರುಕಿದೆಯೇ ಎಂದು ತಿಳಿಯಲು, ಮುರಿದ ಮೂಳೆಗೆ ಎಕ್ಸ್‌ರೇ ತೆಗೆದ ಹಾಗೆ ಉಕ್ಕಿಗೂ ಫೋಟೋ ತೆಗೆಯುತ್ತಾರೆ. ಅದಕ್ಕೆ ಬಳಸುವ ಇರಿಡಿಯಂ ತುಣುಕು, ಅಂದರೆ ವಿಕಿರಣದ ಸೋರ್ಸು, ಮೆಣಸಿನ ಕಾಳಿಗಿಂತ ಚಿಕ್ಕದು. ಕ್ಯಾಮೆರಾ ಎಂದು ಕರೆಯುವ ಭಾರವಾದ ಪೆಟ್ಟಿಗೆಯೊಳಗೆ ಅದು ಇರುತ್ತದೆ. ದೂರದಲ್ಲಿ ನಿಂತು ಹ್ಯಾಂಡಲ್ ತಿರುಗಿಸಿದರೆ ಒಂದು ಕೇಬಲ್ಲು ಅದನ್ನು ಟ್ಯೂಬಿನೊಳಗಿಂದ ವೆಲ್ಡಿಂಗಿನ ಹತ್ತಿರಕ್ಕೆ ತಳ್ಳುತ್ತದೆ. ಫೋಟೋ ಆದ ಮೇಲೆ ಹಿಂದಕ್ಕೆ ತಿರುಗಿಸಿ ಪೆಟ್ಟಿಗೆಯೊಳಕ್ಕೆ ಎಳೆದುಕೊಳ್ಳಬೇಕು. ಅದು ನಿಜವಾಗಿ ಒಳಗೆ ಬಂತೋ, ಟ್ಯೂಬಿನಲ್ಲೇ ಉಳಿಯಿತೋ ಕಣ್ಣಿಗೆ ಕಾಣುವುದಿಲ್ಲ. ವಾಸನೆ ಇಲ್ಲ, ಸದ್ದಿಲ್ಲ. ಹತ್ತಿರ ಹೋಗುವವನಿಗೆ ಅದನ್ನು ಹೇಳಬಲ್ಲದ್ದು ಕೈಯಲ್ಲಿರುವ ಮೀಟರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೋಟಿಸ್ ಬೋರ್ಡಿನಲ್ಲಿ ಹೆಸರು ಬಂದರೂ ಮುಜುಗರಪಡುತ್ತಿದ್ದವರು ಅವರು. ಪೀಣ್ಯದಿಂದ ಎಲೆಕ್ಟ್ರಾನಿಕ್ ಸಿಟಿಯವರೆಗೆ ಈ ಕೆಲಸದಲ್ಲಿದ್ದವರೆಲ್ಲ ಅವರನ್ನು ಮೀಟರ್ ಮೇಡಂ ಎಂದೇ ಕರೆಯುತ್ತಿದ್ದರು.

ಮಾದನಾಯಕನಹಳ್ಳಿಯ ಹಳೆಯ ಒಕ್ಕಲು ಮನೆತನ. ಅವರ ತಂದೆ ರಾಗಿ, ಅವರೆ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಯಾರದೋ ಗೋಡೌನು ನಿಂತಿದೆ. ಉಳಿದ ಜಾಗದಲ್ಲಿ ಅಣ್ಣ ಸಾಲಾಗಿ ಬಾಡಿಗೆ ಮನೆ ಕಟ್ಟಿಸಿದ್ದರು. ಹಾಗಾಗಿ ಊರವರಿಗೆಲ್ಲ ಇವರು ಬೆಳಿಗ್ಗೆ ಎದ್ದು ಬಸ್ಸು ಹಿಡಿದು ಕೆಲಸಕ್ಕೆ ಬರುವುದು ಅರ್ಥವಾಗದ ಸಂಗತಿ. ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದುವಾಗ ಇಡೀ ಕ್ಲಾಸಿಗೆ ಇಬ್ಬರೇ ಹುಡುಗಿಯರಂತೆ. "ಇನ್ನೊಬ್ಬಳು ಮದುವೆ ಆಗೋದ್ಳು. ನಾನು ಉಳ್ಕೊಂಡೆ" ಎಂದು ಅಷ್ಟಕ್ಕೇ ಬಿಟ್ಟಿದ್ದರು.

ಅವರಿಗೇಕೆ ಮದುವೆಯಾಗಲಿಲ್ಲ ಎನ್ನುವುದನ್ನು ಒಂದು ದಿನ ಊಟದ ಹೊತ್ತಿನಲ್ಲಿ ತಾವಾಗಿಯೇ ಹೇಳಿದರು. ಎರಡು ಕಡೆಯಿಂದ ಮಾತು ಬಂದಿತ್ತು. ಎರಡೂ ಸಲ ಎಲ್ಲ ಒಪ್ಪಿಗೆಯಾದ ಮೇಲೆ ಗಂಡಿನ ಕಡೆಯವರು ಎಲ್ಲಿ ಕೆಲಸ ಎಂದು ವಿಚಾರಿಸಿದ್ದಾರೆ. ರೇಡಿಯೇಷನ್ ಎಂಬ ಮಾತು ಕಿವಿಗೆ ಬಿದ್ದದ್ದೇ ಹಿಂದೆ ಸರಿದಿದ್ದಾರೆ.

"ಮಕ್ಕಳಾಗಲ್ಲ, ಆದ್ರೂ ಕೈಕಾಲು ನೆಟ್ಟಗಿರಲ್ಲ ಅಂದ್ರಂತೆ" ಎಂದು ಅವರು ಹುರುಳಿಕಾಳಿನ ಬಸ್ಸಾರಿಗೆ ಅನ್ನ ಕಲಸುತ್ತ ನಕ್ಕರು. "ನಾವು ಎದೆ ಮೇಲೆ ಬ್ಯಾಡ್ಜ್ ಹಾಕ್ಕೋತೀವಲ್ಲ, ಮೈಗೆ ಎಷ್ಟು ಬಿತ್ತು ಅಂತ ವರದಿ ಬರುತ್ತಲ್ಲ, ಅದನ್ನೇ ತಗೊಂಡೋಗಿ ತೋರಿಸ್ಬಿಡ್ಲಾ ಅನ್ನಿಸಿತ್ತು. ಎಲ್ಲಾ ವರ್ಷಾನೂ ಸೊನ್ನೆ. ಓದೋಕೆ ಅವರಿಗೆ ಬರ್ಬೇಕಲ್ಲ."

ಆ ದಿನ ನಾನೂ ನಕ್ಕೆ. ನನಗಾಗ ಇಪ್ಪತ್ತಾರು ವರ್ಷ. ಬಿ.ಇ. ಮುಗಿಸಿ ಎರಡು ಕಡೆ ಕೆಲಸ ಬಿಟ್ಟು, ದಾಸರಹಳ್ಳಿಯಲ್ಲಿ ಒಂದು ರೂಮು ಹಿಡಿದು ಅಲ್ಲಿಗೆ ಸೇರಿದ್ದೆ. ಮೊದಲ ದಿನ ಅವರು ನನ್ನನ್ನು ನೀವು ಎಂದರು. ಎರಡನೇ ವಾರ ಸೋಲ್ಡರ್ ಮಾಡುವಾಗ ಬೆರಳು ಸುಟ್ಟುಕೊಂಡೆ. "ಏಯ್, ನೋಡ್ಕೊಂಡ್ ಮಾಡೋ!" ಎಂದು ಕೂಗಿ ನನ್ನ ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. ಅಲ್ಲಿಂದ ನಾನು ಅವರಿಗೆ ನೀನು ಆದೆ.

ಮೀಟರು ಕೈಗೆ ಬಂದರೆ ಅವರು ಮೊದಲು ತಿರುಗಿಸಿ ಬ್ಯಾಟರಿಯ ಮುಚ್ಚಳ ತೆಗೆಯುತ್ತಿದ್ದರು. ಅಲ್ಲಿ ಏನೇನು ಸಿಗುತ್ತಿತ್ತೆಂದು ಹೇಳಿದರೆ ನಂಬುವುದು ಕಷ್ಟ. ಸಡಿಲವಾದ ಬ್ಯಾಟರಿಯನ್ನು ಬಿಗಿ ಮಾಡಲು ಮಡಚಿ ತುರುಕಿದ ಬಸ್ ಟಿಕೆಟ್ಟು, ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆ, ಒಂದು ಸಲ ಯಾವುದೋ ದೇವಸ್ಥಾನದ ಕುಂಕುಮದ ಪೊಟ್ಟಣ. ಅದನ್ನು ಅವರು ಬಿಸಾಡಲಿಲ್ಲ. ಮೀಟರು ವಾಪಸು ಹೋಗುವಾಗ ಒಂದು ಕವರಿನಲ್ಲಿ ಹಾಕಿ, "ಇದನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ಬ್ಯಾಟರಿ ಜಾಗದಲ್ಲಿ ಬೇಡ" ಎಂದು ಬರೆದು ಕಳಿಸಿದರು.

ವರ್ಷಕ್ಕೆ ನಾಲ್ಕು ಸಲ ಸೈಟಿನವರಿಗೆ ತರಬೇತಿ ಇರುತ್ತಿತ್ತು. ಬಂದವರಿಗೆ ನಿದ್ದೆ. ಮಾಡಿದ ಕೆಲಸವನ್ನೇ ಹತ್ತು ವರ್ಷದಿಂದ ಮಾಡುತ್ತಿರುವವರಿಗೆ ಕೋಟು ಹಾಕಿದ ಹೆಂಗಸು ಏನು ಹೇಳಿಕೊಡುತ್ತಾಳೆ ಎಂಬ ಉದಾಸೀನ ಬೇರೆ. ಅವರು ಮಾತಾಡದೆ ಪ್ರತಿಯೊಬ್ಬರ ಕೈಗೆ ಒಂದೊಂದು ಮೀಟರು ಕೊಡುತ್ತಿದ್ದರು. "ಆನ್ ಮಾಡಿ. ಏನ್ ತೋರಿಸ್ತಿದೆ?"

"ಸೊನ್ನೆ ಮೇಡಂ."

"ಅಂದ್ರೆ?"

"ಇಲ್ಲಿ ಏನೂ ಇಲ್ಲ ಮೇಡಂ. ಸೇಫು."

"ಮುಚ್ಚಳ ತೆಗೀರಿ."

ಯಾವ ಮೀಟರಿನಲ್ಲೂ ಬ್ಯಾಟರಿ ಇರುತ್ತಿರಲಿಲ್ಲ. ಆಗ ಒಬ್ಬಿಬ್ಬರು ನಗುತ್ತಿದ್ದರು, ಉಳಿದವರು ನೆಟ್ಟಗೆ ಕೂರುತ್ತಿದ್ದರು. ಮೇಡಂ ನಗುತ್ತಿರಲಿಲ್ಲ. "ಸೊನ್ನೆಗೆ ಎರಡು ಅರ್ಥ. ಅಲ್ಲಿ ಏನೂ ಇಲ್ಲ ಅನ್ನೋದು ಒಂದು. ಮೀಟರಿಗೇ ಜೀವ ಇಲ್ಲ ಅನ್ನೋದು ಇನ್ನೊಂದು. ಯಾವುದು ಅಂತ ಗೊತ್ತಾಗೋವರ್ಗೂ ಕಾಲು ಮುಂದಿಡಬೇಡಿ. ಬ್ಯಾಟರಿ ನೋಡಿ. ಬಿಲ್ಲೆ ಹಿಡಿದು ಮುಳ್ಳು ಏಳುತ್ತಾ ನೋಡಿ. ಸೋರ್ಸ್ ಹೊರಗಿದ್ದಾಗ ನೀವು ನಿಂತ ಜಾಗದಲ್ಲಿ ಮುಳ್ಳು ಎದ್ದಿತ್ತಾ, ವಾಪಸ್ ಎಳೆದ ಮೇಲೆ ಇಳೀತಾ, ಅದನ್ನ ಕಣ್ಣಾರೆ ನೋಡಿ. ಆಮೇಲೆ ಮೀಟರು ಮುಂದೆ, ನೀವು ಹಿಂದೆ."

ಸಿಟ್ಟು ಬಂದಾಗ ಮಾತ್ರ ಅವರ ಬಾಯಲ್ಲಿ ಊರಿನ ಮಾತು ಬರುತ್ತಿತ್ತು. ಹಂಗೆ ಅಂಗೆ ಆಗುತ್ತಿತ್ತು, ಹೋಗು ಓಗು ಆಗುತ್ತಿತ್ತು. ಅದನ್ನು ಕೇಳಿಯೇ ನಾವು ದೂರ ಸರಿಯುತ್ತಿದ್ದೆವು. ನಾನಿದ್ದ ಮೂರು ವರ್ಷದಲ್ಲಿ ಅದು ನಾಲ್ಕೈದು ಸಲಕ್ಕಿಂತ ಹೆಚ್ಚು ಆಗಿರಲಾರದು.

ಈಗ ಆ ಮೀಟರಿನ ವಿಷಯ.

ಒಂದು ರೇಡಿಯೋಗ್ರಫಿ ಕಂಪನಿಯದು. ಹಳೆಯ ಮೀಟರು, ಹಳದಿ ಬಣ್ಣ, ಮೂಲೆಯಲ್ಲಿ ತಗ್ಗು. ವರ್ಷದ ಪರೀಕ್ಷೆಗೆ ಬಂದಿತ್ತು. ಬೆಂಚಿನ ಮೇಲೆ ಎಲ್ಲ ಅಳತೆಯೂ ಸರಿ ಬಂತು. ಅವರು ಹೆಗಲಿಗೆ ಹಾಕಿಕೊಂಡು ಕಾರಿಡಾರಿಗೆ ಹೋದರು. ಹತ್ತು ನಿಮಿಷ ಬಿಟ್ಟು ಬಂದು, "ಬಾ ಇಲ್ಲಿ, ನೋಡು" ಎಂದು ನನ್ನನ್ನು ಕರೆದರು. ಮೀಟರಿನ ಮೂತಿಯನ್ನು ಕೆಳಗೆ ಮಾಡಿ ಹಿಡಿದರು. ಮುಳ್ಳು ನಿಂತೇ ಇತ್ತು. ಮತ್ತೆ ಎತ್ತಿ ಮತ್ತೆ ಇಳಿಸಿದರು. ನಿಂತೇ ಇತ್ತು. ಮೂರನೇ ಸಲ ಕೆಳಗೆ ಮಾಡಿದಾಗ ಮುಳ್ಳು ಸದ್ದಿಲ್ಲದೆ ಸೊನ್ನೆಗೆ ಬಿತ್ತು. ಮೇಲೆತ್ತಿದರೆ ಮತ್ತೆ ಎದ್ದಿತು.

"ಒಳಗೆ ವೈರು ಬಿಟ್ಟಿದೆ. ಆಗೊಂದ್ಸಲ ಈಗೊಂದ್ಸಲ ತಗುಲುತ್ತೆ. ಇದು ಪೂರ್ತಿ ಕೆಟ್ಟಿರೋದಕ್ಕಿಂತ ಕೆಟ್ಟದ್ದು" ಎಂದರು. ರಿಜಿಸ್ಟರಿನಲ್ಲಿ ತಮ್ಮ ದುಂಡನೆಯ ಅಕ್ಷರದಲ್ಲಿ ಬರೆದರು: ಮೂತಿ ಕೆಳಗೆ ಮಾಡಿದರೆ ಕೆಲವು ಸಲ ಸೊನ್ನೆ. ರಿಪೇರಿ ಆಗುವವರೆಗೆ ಕೊಡಬಾರದು. ಮೀಟರಿಗೆ ಕೆಂಪು ಚೀಟಿ ಕಟ್ಟಿ ಶೆಲ್ಫಿನಲ್ಲಿಟ್ಟರು. ಅದರ ತಲೆಭಾಗ ಬಿಚ್ಚಿ ಸರಿಮಾಡಲು ಎರಡು ದಿನ ಬೇಕಿತ್ತು. ಮಧ್ಯಾಹ್ನ ಅವರ ತಾಯಿಗೆ ಕಣ್ಣಿನ ಆಪರೇಷನ್ ಇದ್ದುದರಿಂದ ಅರ್ಧ ದಿನ ರಜೆ ಹಾಕಿ ಹೊರಟರು.

ಅವರು ಹೋದ ಅರ್ಧ ಗಂಟೆಗೆ ಆ ಕಂಪನಿಯ ಸೂಪರ್‌ವೈಸರ್ ಬಂದು ರಿಸೆಪ್ಷನ್ನಿನಲ್ಲಿ ಕೂತ. ಸಂಜೆಯೊಳಗೆ ಮೀಟರು ಬೇಕೇಬೇಕು, ಟ್ಯಾಂಕು ಸೋಮವಾರ ಲಾರಿ ಹತ್ತಬೇಕು ಎನ್ನುವುದು ಅವನ ವರಾತ. ನಮ್ಮ ಮಾಲೀಕರು ನನ್ನನ್ನು ಒಳಗೆ ಕರೆದರು. ಗದರಿಸುವವರಲ್ಲ ಅವರು. ಕುರ್ಚಿ ತೋರಿಸಿ, ಕಾಫಿ ತರಿಸಿ ಮಾತಾಡುವವರು.

"ಬೆಂಚಲ್ಲಿ ನಂಬರ್ ಸರಿ ಬಂತಾ?"

"ಬಂತು ಸಾರ್. ಆದ್ರೆ ಮೇಡಂ ಓರೆ ಮಾಡಿ ನೋಡಿದಾಗ..."

"ಓರೆ ಮಾಡಿ ನೋಡ್ಬೇಕು ಅಂತ ಪ್ರೊಸೀಜರಲ್ಲಿ ಎಲ್ಲಿದೆಯಪ್ಪಾ?" ಎಂದು ನಕ್ಕರು. "ಅವರು ಅನುಭವಸ್ಥರು, ಇಲ್ಲ ಅನ್ನಲ್ಲ. ಆದ್ರೆ ಡಿಪ್ಲೊಮಾ. ನೀನು ಇಂಜಿನಿಯರು. ನೀನೇ ಇನ್ನೊಂದ್ಸಲ ನೋಡಿ ನಿರ್ಧಾರ ಮಾಡು. ನಿನ್ನ ಸೈನಿಗೆ ಅಷ್ಟು ಬೆಲೆ ಇಲ್ವಾ?"

ಈ ಮಾತನ್ನು ನಾನು ಇಷ್ಟು ವರ್ಷ ಮನಸ್ಸಿನಲ್ಲಿ ತಿರುಗಿಸಿ ನೋಡಿದ್ದೇನೆ. ಕೆಲಸ ಹೋಗುತ್ತದೆಂಬ ಹೆದರಿಕೆ ನನಗಿರಲಿಲ್ಲ. ಯಾರೂ ಬೆದರಿಸಲೂ ಇಲ್ಲ. ನೀನು ಇಂಜಿನಿಯರು ಎಂದದ್ದು ಹಿತವಾಗಿತ್ತು, ಅಷ್ಟೇ. ಮೂರು ವರ್ಷದಿಂದ ಡಿಪ್ಲೊಮಾದವರ ಕೈಕೆಳಗೆ ಬ್ಯಾಟರಿ ಮುಚ್ಚಳ ತೆಗೆಯುತ್ತಿದ್ದವನಿಗೆ ಆ ಒಂದು ಮಾತು ಸಾಕಾಗಿತ್ತು.

ಬೆಂಚಿನ ಮೇಲೆ ಮೂರು ಸಲ ಅಳತೆ ತೆಗೆದೆ. ಎಲ್ಲ ಸರಿ. ಮೂತಿ ಕೆಳಗೆ ಮಾಡಿ ಎರಡು ಸಲ ನೋಡಿದೆ. ಮುಳ್ಳು ಬೀಳಲಿಲ್ಲ. ಬೆಳಿಗ್ಗೆ ಅದು ಬಿದ್ದದ್ದು ಮೂರನೆಯ ಸಲ ಎಂಬುದು ನನಗೆ ನೆನಪಿತ್ತು. ಮೂರನೆಯ ಸಲ ನಾನು ನೋಡಲಿಲ್ಲ. ಕೆಂಪು ಚೀಟಿಯ ದಾರ ಕತ್ತರಿಸಿ ಡ್ರಾಯರಿಗೆ ಹಾಕಿ ಸರ್ಟಿಫಿಕೇಟಿಗೆ ಸೈನ್ ಮಾಡಿದೆ. ಅದರಲ್ಲಿ ಬರೆದಿದ್ದ ಪ್ರತಿಯೊಂದು ಅಂಕಿಯೂ ನಿಜವಾಗಿತ್ತು.

ಮರುದಿನ ಅವರು ಬಂದವರೇ ಶೆಲ್ಫಿನ ಕಡೆ ನೋಡಿದರು.

"ಎಲ್ಲಿ ಅದು?"

"ಕೊಟ್ವಿ ಮೇಡಂ. ಇನ್ನೊಂದ್ಸಲ ಚೆಕ್ ಮಾಡಿದೆ, ಸರಿ ಬಂತು."

"ಯಾರು ಸೈನ್ ಆಕಿದ್ದು?"

ಮಾತಿನಲ್ಲಿ ‘ಹ’ ಹೋಗಿತ್ತು. "ನಾನೇ" ಎಂದೆ.

ಬೈಯುತ್ತಾರೆಂದು ಕಾದೆ. ಅವರು ಬ್ಯಾಗನ್ನು ಹೆಗಲಿನಿಂದ ತೆಗೆಯದೆಯೇ ಫೋನಿನ ಹತ್ತಿರ ಹೋದರು. ಕಂಪನಿಗೆ ಮಾಡಿದರು. ಮೀಟರು ಸೈಟಿಗೆ ಹೋಗಿದೆ ಎಂದರಂತೆ. ಬಳಸಬೇಡಿ, ವಾಪಸು ಕಳಿಸಿ ಎಂದರು. ತಿಳಿಸುತ್ತೇವೆ ಎಂದರಂತೆ. ಸಂಜೆ ಮತ್ತೆ ಮಾಡಿದರು. ಮರುದಿನ ಬೆಳಿಗ್ಗೆ ಮಾಡಿದಾಗ ಆ ಕಡೆಯ ಗುಮಾಸ್ತ, "ಸರ್ಟಿಫಿಕೇಟ್ ಕೊಟ್ಟಿರೋದು ನೀವೇ ಅಲ್ವಾ ಮೇಡಂ?" ಎಂದನಂತೆ. ಸೈಟು ಎಲ್ಲಿ ಎಂದು ಕೇಳಿದ್ದಕ್ಕೆ, ನೆಲಮಂಗಲದ ದಾರಿಯಲ್ಲಿ ಯಾವುದೋ ಫ್ಯಾಬ್ರಿಕೇಷನ್ ಶೆಡ್ಡು ಎಂದಷ್ಟೇ ಹೇಳಿದ. ಮಾಲೀಕರ ಹತ್ತಿರ ಹೋದರು. ಅವರು, "ನಾನು ಮಾತಾಡ್ತೀನಿ, ನೀವು ಯೋಚ್ನೆ ಮಾಡ್ಬೇಡಿ" ಎಂದರು. ಅದು ಶನಿವಾರ.

ಭಾನುವಾರ ಮಧ್ಯಾಹ್ನ, ಶೆಡ್ಡಿನಲ್ಲಿ ಬೇರೆ ಕೆಲಸಗಾರರಿಲ್ಲದ ಹೊತ್ತು, ಆ ಕಂಪನಿಯ ರೇಡಿಯೋಗ್ರಾಫರ್ ಒಬ್ಬ ಟ್ಯಾಂಕಿನ ವೆಲ್ಡಿಂಗಿಗೆ ಫೋಟೋ ತೆಗೆಯುತ್ತಿದ್ದ. ಮಾಗಡಿ ಕಡೆಯವನು, ಮೂವತ್ತೆರಡೋ ಮೂವತ್ಮೂರೋ ವಯಸ್ಸು. ಒಂದು ಫೋಟೋ ಆಗಿತ್ತು. ಹ್ಯಾಂಡಲನ್ನು ಹಿಂದಕ್ಕೆ ತಿರುಗಿಸಿದ. ಕೇಬಲ್ಲು ಪೂರ್ತಿ ಒಳಗೆ ಬಂತು. ಆದರೆ ಅದರ ತುದಿಯಲ್ಲಿರಬೇಕಿದ್ದ ಸೋರ್ಸು ಕೊಂಡಿ ಕಳಚಿಕೊಂಡು ಟ್ಯೂಬಿನಲ್ಲೇ ಉಳಿದಿತ್ತು. ಜೇಬಿನಲ್ಲಿರಬೇಕಿದ್ದ, ವಿಕಿರಣ ಹೆಚ್ಚಾದರೆ ಕೂಗುವ ಅಲಾರಂ ಕೆಟ್ಟು ಆಫೀಸಿನಲ್ಲಿತ್ತು. ಮೀಟರು ಹೆಗಲಿಗಿತ್ತು. ಪಟ್ಟಿಯಲ್ಲಿ ನೇತಾಡಿಸಿಕೊಂಡೇ, ಎಲ್ಲರೂ ಮಾಡುವ ಹಾಗೆ, ಮುಳ್ಳಿನ ಕಡೆ ನೋಡುತ್ತ ಹತ್ತಿರ ಹೋದ. ಸೊನ್ನೆ. ಟ್ಯೂಬನ್ನು ಬಿಚ್ಚಿ, ಕೈಯಲ್ಲಿ ಸುರುಳಿ ಸುತ್ತಿಕೊಂಡು, ಟ್ಯಾಂಕಿನ ಇನ್ನೊಂದು ಬದಿಗೆ ತೆಗೆದುಕೊಂಡು ಹೋಗಿ ಕಟ್ಟಲು ಶುರುಮಾಡಿದ. ಎರಡು ಮೂರು ನಿಮಿಷ ಆಗಿರಬಹುದು. ಮೀಟರು ಅಡ್ಡ ಬರುತ್ತಿದೆಯೆಂದು ಅದನ್ನು ಮೇಲಕ್ಕೆ ಎಳೆದುಕೊಂಡಾಗ ಮುಳ್ಳು ಹೋಗಿ ಕೊನೆಗೆ ಬಡಿಯಿತು.

ಎಲ್ಲ ಬಿಟ್ಟು ಓಡಿದನಂತೆ. ಗೇಟಿನ ಹೊರಗೆ ಕೂತು, ಕೈಯನ್ನು ನೋಡಿಕೊಂಡನಂತೆ. ಕೈಗೆ ಆಗ ಏನೂ ಆಗಿರಲಿಲ್ಲ.

ಕೈ ಕೆಂಪಾದದ್ದು ಹತ್ತು ದಿನದ ಮೇಲೆ. ಆಮೇಲೆ ಬೊಬ್ಬೆ ಎದ್ದವು. ಮೇಡಂ ಮತ್ತು ನಾನು ಆಸ್ಪತ್ರೆಗೆ ಹೋದಾಗ ಬಲಗೈಗೆ ದಪ್ಪ ಬಟ್ಟೆ ಸುತ್ತಿದ್ದರು. ನನ್ನನ್ನು ಬಾ ಎಂದವರು ಅವರೇ. ವಾರ್ಡಿನಲ್ಲಿ ಅವನು ಎದ್ದು ಕೂರಲು ಹೋದ. "ಮಲ್ಕೊಳಪ್ಪ" ಎಂದರು. ನಾನು ಮಂಚದ ಕೊನೆಯಲ್ಲಿ ನಿಂತು ನನ್ನ ಹೆಸರು ಹೇಳಿದೆ. ಅವನು ತಲೆಯಾಡಿಸಿದ.

"ಮೀಟರ್ ಸೊನ್ನೆ ತೋರಿಸ್ತಿತ್ತು ಮೇಡಂ. ನಿಮ್ ಕ್ಲಾಸಿಗೂ ಬಂದಿದ್ದೆ ನಾನು. ಬ್ಯಾಟರಿ ನೋಡಿದ್ದೆ. ಬೆಳಿಗ್ಗೆ ಬಿಲ್ಲೆ ಹಿಡಿದೂ ನೋಡಿದ್ದೆ, ಮುಳ್ಳು ಎದ್ದಿತ್ತು. ದೇವ್ರಾಣೆ ನೋಡಿದ್ದೆ."

"ಗೊತ್ತಪ್ಪ. ನಿನ್ ತಪ್ಪಿಲ್ಲ." ಆಮೇಲೆ ಕೇಳಿದರು: "ಮೀಟರ್ ಹೆಂಗೆ ಹಿಡ್ಕೊಂಡಿದ್ದೆ?"

ಅವನು ಎಡಗೈಯನ್ನು ಸೊಂಟದ ಪಕ್ಕ ಇಳಿಬಿಟ್ಟು, ನೇತಾಡುವ ಮೀಟರಿನ ಮೂತಿಯ ಹಾಗೆ ಅಂಗೈಯನ್ನು ನೆಲದ ಕಡೆ ಬಾಗಿಸಿ ತೋರಿಸಿದ. ಅವರು ಆ ಕೈಯನ್ನೇ ನೋಡುತ್ತಿದ್ದರು. ಆಮೇಲೆ ತಲೆ ತಿರುಗಿಸಿ ಕಿಟಕಿಯ ಕಡೆ ನೋಡಿದರು. ಅವನ ಹೆಂಡತಿ ಫ್ಲಾಸ್ಕಿನಿಂದ ಟೀ ಬಗ್ಗಿಸಿ ಕೊಟ್ಟಳು. ನಾನು ಕುಡಿದೆ. ಅದನ್ನು ಹೇಗೆ ಕುಡಿದೆನೋ ಇವತ್ತಿಗೂ ಗೊತ್ತಿಲ್ಲ.

ಹೊರಗೆ ಬಸ್ ಸ್ಟಾಪಿನಲ್ಲಿ ನಿಂತಾಗ ಅವರು ಹೇಳಿದರು: "ನಾನು ಅವನಿಗೆ ಹೇಳಲ್ಲ. ಅದು ನಿನ್ನ ಮಾತು, ನೀನೇ ಹೇಳ್ಬೇಕು. ಇವತ್ತು ಆಗ್ಲಿಲ್ಲ ಅಂದ್ರೆ ಪರವಾಗಿಲ್ಲ. ಇನ್ನೊಂದಿನ ಬಂದು ಹೇಳು."

"ಹೇಳ್ತೀನಿ ಮೇಡಂ."

"ನಾನೇನು ದೊಡ್ಡವಳಲ್ಲ ಕಣೋ" ಎಂದರು. "ಮೂರು ಸಲ ಫೋನ್ ಮಾಡ್ದೆ. ಫೋನ್ ಮಾಡೋದು ಸುಲಭ. ನೆಲಮಂಗ್ಲ ಏನು ದೂರಾನಾ, ನಮ್ಮೂರಿಂದ ಅರ್ಧ ಗಂಟೆ. ಶನಿವಾರ ಬಸ್ ಹತ್ತಬೇಕಿತ್ತು. ಒಂದೊಂದೇ ಶೆಡ್ ಹುಡುಕ್ಬೇಕಿತ್ತು."

ತನಿಖೆ ನಡೆಯಿತು. ಅಧಿಕಾರಿಗಳು ಬಂದು ಎರಡು ದಿನ ಕೂತು ಕಾಗದಗಳನ್ನೆಲ್ಲ ನೋಡಿದರು. ರಿಜಿಸ್ಟರಿನಲ್ಲಿ ಮೇಡಂ ಅವರ ಅಕ್ಷರ ಇತ್ತು. ಯಾಕೆ ಕೊಟ್ಟಿರಿ ಎಂದು ನನ್ನನ್ನು ಕೇಳಿದರು. ಮತ್ತೆ ಪರೀಕ್ಷಿಸಿದಾಗ ಎಲ್ಲ ಅಳತೆಯೂ ಸರಿ ಬಂತು, ಎರಡು ಸಲ ಓರೆ ಮಾಡಿ ನೋಡಿದೆ, ಬೀಳಲಿಲ್ಲ ಎಂದೆ. ಸುಳ್ಳಲ್ಲ. ಮೇಡಂ ಅವರನ್ನು ಕೇಳಿದಾಗ, "ನಾನು ಬರೆದಿಟ್ಟು ಮನೆಗೆ ಹೋದೆ. ಶೆಲ್ಫಿಗೆ ಬೀಗ ಹಾಕಲಿಲ್ಲ. ಅದು ನನ್ನ ತಪ್ಪು" ಎಂದರಂತೆ. ಕೆಲವು ತಿಂಗಳು ನಮ್ಮ ಅನುಮತಿ ತಡೆಹಿಡಿದರು. ಆ ಕಂಪನಿಯದೂ ನಿಂತಿತು. ನನಗೆ ಒಂದು ಎಚ್ಚರಿಕೆಯ ಪತ್ರ ಬಂತು. ಮೂತಿ ಕೆಳಗೆ ಮಾಡಿ ನೋಡುವುದನ್ನು ಪ್ರೊಸೀಜರಿಗೆ ಸೇರಿಸಿದರು. ಅಷ್ಟರಲ್ಲಿ ಆ ಮನುಷ್ಯನ ಬಲಗೈಯ ತೋರುಬೆರಳನ್ನೂ ನಡುಬೆರಳನ್ನೂ ಬುಡದವರೆಗೆ ತೆಗೆದಿದ್ದರು.

ನಾನು ಆಸ್ಪತ್ರೆಗೆ ಮತ್ತೆ ಹೋಗಲಿಲ್ಲ. ಮೊದಲು ತನಿಖೆ ಮುಗಿಯಲಿ ಎಂದುಕೊಂಡೆ. ಆಮೇಲೆ ಆಪರೇಷನ್ ಆಗಲಿ ಎಂದುಕೊಂಡೆ. ಆಮೇಲೆ ಅವನು ಊರಿಗೆ ಹೋದನೆಂದು ಕೇಳಿ ಒಳಗೊಳಗೇ ಹಗುರವಾದೆ. ಅವರು ಕೇಳಲಿಲ್ಲ. ದಿನಾ ಬೆಳಿಗ್ಗೆ ಎದುರು ಮೇಜಿನಲ್ಲಿ ಕೂತು ಒಮ್ಮೆ ನನ್ನ ಮುಖ ನೋಡುತ್ತಿದ್ದರು, ಕೆಲಸಕ್ಕೆ ಬಗ್ಗುತ್ತಿದ್ದರು. ಸುಮಾರು ನಾಲ್ಕು ತಿಂಗಳು ಹೀಗೆ ಕಳೆದಿರಬೇಕು. ಒಂದು ದಿನ ಸ್ಕ್ರೂಡ್ರೈವರ್ ಬೇಕಾಗಿತ್ತು. "ಅದನ್ನ ಸ್ವಲ್ಪ ಕೊಡ್ತೀರಾ?" ಎಂದರು.

ಯಾರಿಗೋ ಹೇಳುತ್ತಿದ್ದಾರೆಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಅಂದಿನಿಂದ ಅವರು ನನ್ನನ್ನು ನೀವು ಎಂದೇ ಕರೆದರು. ದನಿಯಲ್ಲಿ ಕೋಪವಿರಲಿಲ್ಲ. ಊಟದ ಹೊತ್ತಿನಲ್ಲಿ, "ಸಾರು ಹಾಕ್ಕೊಳ್ಳಿ" ಎನ್ನುತ್ತಿದ್ದರು. ಹೊರಗಿನಿಂದ ಬಂದ ಗಿರಾಕಿಗೆ ಹೇಳಿದಷ್ಟೇ ಮರ್ಯಾದೆಯಿಂದ. ಬೈದಿದ್ದರೆ ಉಳಿದುಕೊಳ್ಳುತ್ತಿದ್ದೆನೇನೋ. ಆ ವರ್ಷವೇ ನಾನು ಎಲೆಕ್ಟ್ರಾನಿಕ್ ಸಿಟಿಯ ಒಂದು ಕಂಪನಿಗೆ ಸೇರಿಕೊಂಡೆ. ಹೊರಡುವ ದಿನ ಕೈ ಮುಗಿದೆ. "ಒಳ್ಳೇದಾಗ್ಲಿ. ಹುಷಾರಾಗಿರಿ" ಎಂದರು.

ಆಮೇಲೆ ಅವರ ಸುದ್ದಿ ಅಲ್ಲಿ ಇಲ್ಲಿ ಕೇಳುತ್ತಿದ್ದೆ. ಒಂದಷ್ಟು ಕಾಲ ತರಬೇತಿ ಕೊಡುವುದನ್ನು ನಿಲ್ಲಿಸಿದ್ದರಂತೆ, ಆಮೇಲೆ ಮತ್ತೆ ಶುರು ಮಾಡಿದರಂತೆ. ಮೀಟರಿಗೆ ಕೆಂಪು ಚೀಟಿ ಬಿದ್ದರೆ ರಿಪೇರಿಯಾಗುವವರೆಗೆ ಮನೆಗೆ ಹೋಗುತ್ತಿರಲಿಲ್ಲವಂತೆ. ತಾಯಿ ತೀರಿಕೊಂಡರು. ಐವತ್ತೆಂಟಕ್ಕೆ ನಿವೃತ್ತಿಯಾದರು. ಹಬ್ಬಕ್ಕೆ ಫೋನ್ ಮಾಡೋಣವೆಂದು ಪ್ರತಿ ವರ್ಷ ಅಂದುಕೊಳ್ಳುತ್ತಿದ್ದೆ. ಆ ಫೋನು ಎತ್ತಿದ ತಕ್ಷಣ ಅವರು ನೀವು ಎನ್ನುತ್ತಾರೆ ಎಂದು ನೆನೆದು ಸುಮ್ಮನಾಗುತ್ತಿದ್ದೆ.

ಕಳೆದ ಆಷಾಢದಲ್ಲಿ ಹೃದಯಾಘಾತವಾಗಿ ಹೋದರು. ಹಳೆಯ ಸಹೋದ್ಯೋಗಿಯೊಬ್ಬ ವಾಟ್ಸಾಪಿನಲ್ಲಿ ಹಾಕಿದ್ದನ್ನು ಮೂರು ವಾರ ತಡವಾಗಿ ನೋಡಿದೆ. ಮಾದನಾಯಕನಹಳ್ಳಿಗೆ ಹೋದಾಗ ತಿಥಿಯೂ ಮುಗಿದಿತ್ತು. ಅವರ ಅಣ್ಣ ಜಗಲಿಯ ಮೇಲೆ ಕೂರಿಸಿದರು. ಎಂಬತ್ತರ ಹತ್ತಿರದ ಮನುಷ್ಯ.

"ನೀವೂ ಮೀಟ್ರು ಕೆಲ್ಸದೋರಾ?" ಎಂದು ಕೇಳಿದರು. "ಬಾಳ ಜನ ಬಂದಿದ್ರು. ಕೈ ಬೆರಳು ಓಗೈತಲ್ಲ, ಆ ವಯ್ಯ ಮೂರು ದಿನ ಇಲ್ಲೇ ಇದ್ದ. ಚಟ್ಟಕ್ಕೂ ಅವನೇ ಎಗಲು ಕೊಟ್ಟ. ಈಗ ಬ್ರೂಕ್‌ಫೀಲ್ಡಾಗೆ ಯಾವ್ದೋ ಅಪಾರ್ಟ್‌ಮೆಂಟ್ ಗೇಟಲ್ಲವ್ನೆ. ನನ್ ತಂಗೀನೇ ಯಾರ್ಗೋ ಏಳಿ ಸೇರ್ಸಿದ್ದು."

ಅಪಾರ್ಟ್‌ಮೆಂಟಿನ ಹೆಸರು ಬರೆದುಕೊಂಡೆ. ಮುಂದಿನ ಭಾನುವಾರ ಹೋದೆ. ಗೇಟಿನ ಪಕ್ಕದ ಕೊಠಡಿಯಲ್ಲಿ ಸಮವಸ್ತ್ರ ಹಾಕಿಕೊಂಡು ಕೂತಿದ್ದ. ಒಳಗೆ ಬರುವ ಗಾಡಿಗಳ ನಂಬರನ್ನು ಎಡಗೈಯಲ್ಲಿ ಟ್ಯಾಬಿಗೆ ಒತ್ತುತ್ತಿದ್ದ. ಕೂದಲು ನರೆತಿತ್ತು. ಯಾರೆಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವನೇ, "ಬನ್ನಿ ಸಾರ್. ಆಸ್ಪತ್ರೆಗೆ ಮೇಡಂ ಜೊತೆ ಬಂದಿದ್ರಿ" ಎಂದು ಸ್ಟೂಲು ಎಳೆದು ಕೊಟ್ಟ.

ಕೂರಲಿಲ್ಲ. ದಾರಿಯುದ್ದಕ್ಕೂ ಹೇಗೆ ಶುರುಮಾಡಬೇಕೆಂದು ಜೋಡಿಸಿಕೊಂಡಿದ್ದೆಲ್ಲ ಮರೆತುಹೋಯಿತು. "ಆ ಮೀಟರಿಗೆ ಸೈನ್ ಹಾಕಿ ಕೊಟ್ಟವನು ನಾನು. ಮೇಡಂ ಕೊಡಬೇಡಿ ಅಂತ ಚೀಟಿ ಕಟ್ಟಿದ್ರು. ಅದನ್ನ ಕತ್ತರಿಸಿ ಕೊಟ್ಟೆ" ಎಂದೆ.

ಅವನು ನನ್ನ ಮುಖ ನೋಡಲಿಲ್ಲ. "ಗೊತ್ತು ಸಾರ್" ಎಂದ.

"ಮೇಡಂ ಹೇಳಿದ್ರಾ?"

"ಇಲ್ಲ ಇಲ್ಲ. ಅವ್ರು ಯಾ‌ವತ್ತೂ ಹೇಳ್ಲಿಲ್ಲ. ಸರ್ಟಿಫಿಕೇಟು ಮೀಟರ್ ಬ್ಯಾಗಲ್ಲೇ ಇತ್ತಲ್ಲ. ಅವತ್ತು ಗೇಟ್ ಹೊರಗೆ ಕೂತ್ಕೊಂಡು ಅದನ್ನೇ ಎಷ್ಟೋ ಸಲ ಓದಿದ್ದೆ. ನೀವು ಆಸ್ಪತ್ರೇಲಿ ಬಂದು ಹೆಸ್ರು ಹೇಳಿದ್ರಿ. ಹೇಳೋಕೆ ಬಂದಿದಾರೆ ಅಂದ್ಕೊಂಡೆ. ಟೀ ಕುಡಿದು ಹೋದ್ರಿ."

ಒಂದು ಕಾರು ಬಂದು ಹಾರನ್ ಮಾಡಿತು. ಅವನು ಎದ್ದು ಹೋಗಿ ಅಡ್ಡಕಂಬ ಎತ್ತಿ, ಕಾರು ಹೋದ ಮೇಲೆ ಇಳಿಸಿ ಬಂದ. ನಾನು ಕ್ಷಮಿಸಿ ಎಂದೆ. ಅವನು ಟ್ಯಾಬನ್ನು ಅಂಗಿಗೆ ಒರೆಸಿಕೊಂಡು ಮೇಜಿನ ಮೇಲಿಟ್ಟ.

"ಮೇಡಂ ವರ್ಷಕ್ಕೆ ಎರಡು ಸಲ ಆದ್ರೂ ನೋಡೋಕೆ ಬರೋರು ಸಾರ್. ಎರಡು ಬಸ್ ಬದಲಾಯಿಸ್ಕೊಂಡು, ಮಾದನಾಯಕನಹಳ್ಳಿಯಿಂದ. ಬಂದಾಗೆಲ್ಲಾ ಹೊರಡೋ ಮುಂಚೆ ಒಂದು ಮಾತು ಕೇಳೋರು. ಅವತ್ತು ನನ್ ಜೊತೆ ಬಂದಿದ್ನಲ್ಲ ಆ ಹುಡುಗ, ಆಮೇಲೆ ಬಂದಿದ್ನಾ ಅಂತ. ಇಲ್ಲ ಮೇಡಂ ಅಂದ್ರೆ, ಬರ್ತಾನೆ ಬಿಡಪ್ಪ ಅನ್ನೋರು. ಅಷ್ಟು ವರ್ಷಾನೂ ಕೇಳಿದ್ರು."

ನಾನು ಸ್ಟೂಲಿನ ಮೇಲೆ ಕೂತೆ.

"ಹೋದ ದೀಪಾವಳಿ ಕಳೆದು ಕೊನೇ ಸಲ ಬಂದಿದ್ರು. ಇದೇ ಸ್ಟೂಲ್ ಮೇಲೆ ಅರ್ಧ ಗಂಟೆ ಕೂತಿದ್ರು. ನೀರು ಕುಡಿದ್ರು, ಮಕ್ಕಳ ಓದು ಕೇಳಿದ್ರು, ಎದ್ದು ಹೊರಟ್ರು. ಸ್ಟಾಪವರ್ಗೂ ಹೋಗಿ ಬಸ್ ಹತ್ತಿಸಿ ಬಂದೆ. ಅವತ್ತು ಮಾತ್ರ ಆ ಮಾತು ಕೇಳ್ಲಿಲ್ಲ ಸಾರ್."